ಹಲಸಿನ ಮೇಣದ ದ್ವೀಪಯಾತ್ರೆ

ಪೆರಾಬೆಯಲ್ಲಿ ಕುಳಿತುಕೊಂಡು, ಬಂದವರಿಗೆಲ್ಲ ಸಮುದ್ರದ ತಳ ತೋರಿಸುತ್ತೇನೆ ಎನ್ನುವ ಧೈರ್ಯ ಈ ಭೂಮಿಯ ಮೇಲೆ ಒಬ್ಬರಿಗೆ ಮಾತ್ರ ಇತ್ತು. ಅವರು ನನ್ನ ಸೋದರಮಾವ! ಪೆರಾಬೆಯಿಂದ ಸಮುದ್ರಕ್ಕೆ ಎಷ್ಟು ದೂರ ಎಂದು ಕೇಳುತ್ತೀರಾ? ಐವತ್ತರ ದಶಕದ ಆ ದಿನಗಳಲ್ಲಿ ಬೆಳಗ್ಗೆ ಗಂಜಿ ಉಂಡು ಹೊರಟು, ನಡೆದು, ಬಸ್ಸಿಗೆ ಕಾದು, ಬಸ್ಸು ಕೆಟ್ಟು, ಅದನ್ನು ತಳ್ಳಿ, ಮಂಗಳೂರು ಮುಟ್ಟುವಾಗ ಮತ್ತೆ ಗಂಜಿಯ ಹೊತ್ತಾಗುತ್ತಿತ್ತು. ಸಮುದ್ರ ಅದಕ್ಕೂ ಆಚೆ. ಆದರೆ ಮಾವನಿಗೆ ಇದೊಂದು ಅಡ್ಡಿಯೇ ಅಲ್ಲ. ಸಮುದ್ರ ಇಲ್ಲದಿದ್ದರೆ ಏನಂತೆ, ಕುಮಾರಧಾರೆ ಹೊಳೆ ಇಲ್ಲವೇ? ದ್ವೀಪ ಇಲ್ಲದಿದ್ದರೆ ಏನಂತೆ, ಹೊಳೆಯ ನಡುವೆ ಕುದುರುಗಳಿಲ್ಲವೇ? ಮರಳು, ಬಂಡೆ, ನಾಲ್ಕು ಪೊದೆ ಸೇರಿ ಹೊಳೆಯ ನಡುವೆ ಎದ್ದು ನಿಂತ ದಿಣ್ಣೆಗೆ ನಮ್ಮಲ್ಲಿ ಕುದುರು ಎನ್ನುತ್ತಾರೆ. ಅಂಥ ಮೂರು ಕುದುರುಗಳಿಗೆ ಮಾವ ನಡುಸಮುದ್ರದ ನಿಜವಾದ ದ್ವೀಪಗಳ ಹೆಸರನ್ನೇ, ಅಮೀನಿ, ಕಡಮತ್, ಕಿಲ್ತಾನ್ ಎಂದು ಇಟ್ಟಿದ್ದರು. ದ್ವೀಪ ಎಂದ ಮೇಲೆ ತೆಂಗು ಬೇಡವೇ? ಪ್ರತಿ ವರ್ಷ ‘ಅಮೀನಿ’ಯ ನೆತ್ತಿಯ ಮೇಲೆ ಒಂದು ತೆಂಗಿನ ಸಸಿ ನೆಡುತ್ತಿದ್ದರು. ಪ್ರತಿ ಮಳೆಗಾಲದಲ್ಲಿ ಆ ಸಸಿ ತಾನಾಗಿಯೇ ಮಂಗಳೂರಿಗೆ ಹೊರಟುಹೋಗುತ್ತಿತ್ತು.

ನಾನು ಆಗ ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿ, ಶಾಲೆ ಹತ್ತಿರವೆಂದು ಮಾವನ ಮನೆಯಲ್ಲೇ ಉಳಿದುಕೊಂಡಿದ್ದೆ. ಊಟಕ್ಕೂ ವಸತಿಗೂ ಮಾವ ಏನನ್ನೂ ಕೇಳುತ್ತಿರಲಿಲ್ಲ. ದಿನಕ್ಕೆ ಒಮ್ಮೆ ದ್ವೀಪದ ಕಥೆ ಕೇಳಿದರೆ ಸಾಕಿತ್ತು. ಈಗ ಯೋಚಿಸಿದರೆ, ಬಾಡಿಗೆ ಕೊಟ್ಟು ಬೇರೆ ಕಡೆ ಇರುವುದೇ ಅಗ್ಗವಾಗುತ್ತಿತ್ತೋ ಏನೋ!

ಕಥೆ ಸುಳ್ಳೇನಲ್ಲ. ಮಾವ ಮದುವೆಯಾದ ಹೊಸದರಲ್ಲಿ ಮಂಗಳೂರಿನ ಬಂದರಿನಲ್ಲಿ ಒಬ್ಬ ಅಕ್ಕಿ ವ್ಯಾಪಾರಿಯ ಬಳಿ ಗುಮಾಸ್ತರಾಗಿದ್ದರು. ಅಮೀನಿ ದ್ವೀಪದವರು ಹಾಯಿ ಕಟ್ಟಿದ ಓಡಗಳಲ್ಲಿ ತೆಂಗಿನ ನಾರಿನ ಹುರಿ ತಂದು, ಅಕ್ಕಿ ತುಂಬಿಸಿಕೊಂಡು ಹೋಗುತ್ತಿದ್ದ ಕಾಲ ಅದು. ಮಾವ ಹುಟ್ಟಿ ಬೆಳೆದದ್ದು ಈಶ್ವರಮಂಗಲದಲ್ಲಿ. ಕೇರಳದ ಗಡಿ ಪಕ್ಕದಲ್ಲೇ ಆದ್ದರಿಂದ ಮಲಯಾಳ ಚೆನ್ನಾಗಿ ಬರುತ್ತಿತ್ತು. ದ್ವೀಪದವರ ಮಾತೂ ಮಲಯಾಳದ್ದೇ ಒಂದು ಬಗೆ. ಮಾತು ಗೊತ್ತಿದ್ದವನೊಬ್ಬ ಜೊತೆಗಿರಲಿ ಎಂದು ಧನಿಗಳು ಒಮ್ಮೆ ಅಕ್ಕಿ ಮೂಟೆಗಳ ಜೊತೆ ಮಾವನನ್ನೂ ಓಡ ಹತ್ತಿಸಿದರು. ಹತ್ತು ದಿನದಲ್ಲಿ ಹಿಂದೆ ಬರಬೇಕಿತ್ತು. ಗಾಳಿ ಕೈಕೊಟ್ಟಿತು. ಮಾವ ಬಂದದ್ದು ಹದಿನೆಂಟು ದಿನ ತಡವಾಗಿ.

ಆ ಹದಿನೆಂಟು ದಿನ ಮಾಡಲು ಕೆಲಸವಿಲ್ಲದ ಮಾವನ ಕೈಗೆ ದ್ವೀಪದವನೊಬ್ಬ ತಳಕ್ಕೆ ಗಾಜು ಕೂರಿಸಿದ ಮರದ ಪೆಟ್ಟಿಗೆ ಕೊಟ್ಟು, ದೋಣಿಯಿಂದ ಬಗ್ಗಿ ನೀರಿನೊಳಗೆ ನೋಡು ಎಂದನಂತೆ. ಮಾವ ನೋಡಿದರು. ಅಲ್ಲಿಗೆ ಮುಗಿಯಿತು! ಅರಸಿನದ ಬಣ್ಣದ ಮೈಗೆ ಕಪ್ಪು ಗೆರೆ ಎಳೆದ ಮೀನು, ನೀಲಿ ಬಾಲದ ಮೀನು, ಯಕ್ಷಗಾನದ ವೇಷ ಕಟ್ಟಿಕೊಂಡು ರಂಗಕ್ಕೆ ಹೊರಟಂಥ ಮೀನು, ಕಲ್ಲೋ ಗಿಡವೋ ಗೊತ್ತಾಗದ ಹವಳದ ತೋಟ. “ಹೂಕೋಸು ನೋಡಿದ್ದೀಯಲ್ಲ, ಅದರ ಹಾಗೆಯೇ ಹವಳ!” ಎಂದು ಮಾವ ವಿವರಿಸುತ್ತಿದ್ದರು. ಪೆರಾಬೆಯಲ್ಲಿ ಹೂಕೋಸನ್ನೂ ಯಾರೂ ನೋಡಿರಲಿಲ್ಲ. ಆದ್ದರಿಂದ ಎಲ್ಲರೂ ತಲೆಯಾಡಿಸುತ್ತಿದ್ದರು.

ಮಾವ ಹಿಂದಿರುಗಿದ ವಾರದೊಳಗೆ ಪುರೋಹಿತರು ಮನೆಗೆ ಬಂದರು. ಸಮುದ್ರ ದಾಟಿದ ಬ್ರಾಹ್ಮಣ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂದರು. ಮಾವ ಬಂದರಿನಲ್ಲಿ ನಾಲ್ಕು ಜನರ ಜೊತೆ ಪಳಗಿದವರು, ಬಿಡುತ್ತಾರೆಯೇ?

“ಅಮೀನಿ ಯಾವ ಜಿಲ್ಲೆ ಗೊತ್ತುಂಟಾ ನಿಮಗೆ? ದಕ್ಷಿಣ ಕನ್ನಡ! ಪುತ್ತೂರಿಗೂ ಅಮೀನಿಗೂ ಒಬ್ಬನೇ ಕಲೆಕ್ಟರು. ಜಿಲ್ಲೆಯ ಒಳಗೆ ತಿರುಗಿದ್ದಕ್ಕೆ ಎಂತ ಪ್ರಾಯಶ್ಚಿತ್ತ? ನೀವು ಮೊನ್ನೆ ಸುಬ್ರಹ್ಮಣ್ಯಕ್ಕೆ ಹೋಗಿ ಬಂದಿರಲ್ಲ, ಮಾಡಿಕೊಂಡ್ರಾ?”

ಪುರೋಹಿತರಿಗೆ ಧರ್ಮಶಾಸ್ತ್ರ ಗೊತ್ತಿತ್ತೇ ಹೊರತು ಜಿಲ್ಲೆಯ ಗಡಿ ಗೊತ್ತಿರಲಿಲ್ಲ. ಎದ್ದು ಕೊಡೆ ಬಿಡಿಸಿಕೊಂಡು ಹೋದರು. ಆದರೆ ಶಾಸ್ತ್ರಕ್ಕೆ ತಾಳ್ಮೆ ಹೆಚ್ಚು. ಹತ್ತು ವರ್ಷ ಕಳೆದ ಮೇಲೆ ರಾಜ್ಯಗಳ ವಿಂಗಡಣೆಯಾಗಿ ಅಮೀನಿ ನಮ್ಮ ಜಿಲ್ಲೆಯಿಂದ ಹೊರಗೆ ಹೋಯಿತು. ಪುರೋಹಿತರು ಕೊಡೆ ಮಡಚಿಕೊಂಡು ಮತ್ತೆ ಜಗಲಿ ಹತ್ತಿದರು. “ಈಗ ಎಂತ ಹೇಳ್ತೀರಿ? ಜಿಲ್ಲೆ ತಪ್ಪಿತಲ್ಲ! ದೋಷ ಹಿಂದಿನಿಂದಲೇ ಲೆಕ್ಕ!” ಸರಕಾರದ ಆಜ್ಞೆಯೊಂದು ಸತ್ತ ಪಾಪವನ್ನು ಎಬ್ಬಿಸಿ ಕೂರಿಸಿದ್ದು ನಮ್ಮ ಮನೆಯಲ್ಲಿ ಮಾತ್ರ ಇರಬೇಕು! ಮಾವ ಪ್ರಾಯಶ್ಚಿತ್ತ ಮಾಡಿಕೊಳ್ಳಲಿಲ್ಲ. ಬದಲಿಗೆ, ದ್ವೀಪ ಕೈತಪ್ಪಿತು ಎಂಬ ದುಃಖದಲ್ಲಿ ಎರಡು ದಿನ ಊಟ ಬಿಟ್ಟರು. ಪುರೋಹಿತರು ಅದನ್ನೇ ಉಪವಾಸ ಎಂದು ಒಪ್ಪಿಕೊಂಡರು.

ಇನ್ನು ಅತ್ತೆ. ಊರಿಡೀ ದ್ವೀಪದ ಕಥೆ ಕೇಳಿ ನಗುತ್ತಿತ್ತು. ಅತ್ತೆ ನಗುತ್ತಲೂ ಇರಲಿಲ್ಲ, ಕೇಳುತ್ತಲೂ ಇರಲಿಲ್ಲ. ಮಾವ ‘ಅಮೀನಿಯಲ್ಲಿ…’ ಎಂದು ಬಾಯಿ ತೆರೆದರೆ ಸಾಕು, ಅವರಿಗೆ ಹಿತ್ತಿಲಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಹೊಳೆಯ ಕಡೆಗಂತೂ ತಲೆ ಹಾಕುತ್ತಿರಲಿಲ್ಲ. ಮಾವನಿಗೆ ಜೀವನದಲ್ಲಿ ಇದ್ದದ್ದು ಒಂದೇ ಹಠ: ತಾನು ನೋಡಿದ್ದನ್ನು, ಅದರ ಒಂದು ಚೂರನ್ನಾದರೂ, ಹೆಂಡತಿ ಒಮ್ಮೆ ನೋಡಬೇಕು. ಅತ್ತೆಯದೂ ಒಂದೇ ಹಠ: ನೋಡುವುದಿಲ್ಲ.

“ಒಂದು ಸಲ, ಒಂದೇ ಸಲ ನೀರಿಗೆ ಮುಖ ಇಟ್ಟು ನೋಡು ಮಾರಾಯ್ತಿ.”

“ನನಗೆ ಮುಖ ತೊಳೆಯಲಿಕ್ಕೆ ಬಾವಿಯ ನೀರು ಸಾಕು.”

ಅಮೀನಿಗೆ ಕರೆದುಕೊಂಡು ಹೋಗಲು ಆಗದು, ಅತ್ತೆ ಬರಲಾರರು. ಸರಿ, ನೀರಿನೊಳಗೆ ನೋಡುವ ವ್ಯವಸ್ಥೆಯನ್ನು ಪೆರಾಬೆಗೇ ತರುವುದು ಎಂದು ಮಾವ ತೀರ್ಮಾನಿಸಿದರು. ಪೆಟ್ಟಿಗೆ ಹಳೆಯ ಮಾತಾಯಿತು, ಮುಖಕ್ಕೇ ಗಾಜು ಕಟ್ಟಬೇಕು ಎಂಬುದು ಅವರ ಸ್ವಂತ ಸಂಶೋಧನೆ. ಪುತ್ತೂರಿನಿಂದ ಹರಿದ ಲಾರಿ ಟ್ಯೂಬು ತಂದರು. ಉಸಿರಾಡಲು ಟ್ಯೂಬಿನ ಅಂಚಿನಿಂದ ಬಾಯಿಗೆ ತೂರಿಸಿದ ಪಪ್ಪಾಯಿ ಎಲೆಯ ಟೊಳ್ಳು ದಂಟು. ಮುಖ ಇಡೀ ಮುಚ್ಚುವ ದುಂಡು ಗಾಜು ಎಲ್ಲಿ? ಅತ್ತೆಯ ಅಪ್ಪ ಮದುವೆಗೆ ಕೊಟ್ಟ ಗೋಡೆ ಗಡಿಯಾರದ ಮೇಲೆ! ಅತ್ತೆ ತವರಿಗೆ ಹೋದ ಎರಡು ದಿನದಲ್ಲಿ ಗಡಿಯಾರ ಬೋಳಾಯಿತು. ಗಾಜಿಲ್ಲದ ಗಡಿಯಾರದ ಅವಸ್ಥೆ ಏನು ಹೇಳಲಿ? ಹಸಿವಾದವರು ಬೆರಳಿನಿಂದ ಮುಳ್ಳು ಮುಂದೆ ತಳ್ಳುತ್ತಿದ್ದರು, ನಾನು ಶಾಲೆಗೆ ತಡವಾದಾಗ ಹಿಂದೆ ತಳ್ಳುತ್ತಿದ್ದೆ. ಆ ಮನೆಯಲ್ಲಿ ಒಂದೇ ದಿನ ಎರಡು ಸಲ ಮಧ್ಯಾಹ್ನ ಹನ್ನೆರಡು ಗಂಟೆಯಾದದ್ದುಂಟು.

ಗಾಜನ್ನೂ ರಬ್ಬರನ್ನೂ ಕೂಡಿಸಲು, ರಬ್ಬರಿನ ಅಂಚಿನಿಂದ ನೀರು ಒಳಗೆ ಬಾರದಂತೆ ತಡೆಯಲು ಮಾವ ಆರಿಸಿದ್ದು ಹಲಸಿನ ಮೇಣ. ತೂತು ಬಿದ್ದ ಕೊಡಕ್ಕೆ ಮೆತ್ತುವುದು ಅದನ್ನೇ ಅಲ್ಲವೇ? “ಒಂದು ಹನಿ ಒಳಗೆ ಬಂದರೆ ನನ್ನ ಹೆಸರು ಬದಲಿಸು!” ಎಂದು ಘೋಷಿಸಿದರು. ನಿಜ ಹೇಳಬೇಕೆಂದರೆ, ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ.

ಮೊದಲ ಪ್ರಯಾಣಿಕ ನಾನೇ. ಬಿಟ್ಟಿ ಊಟದವನಿಗೆ ಬೇರೆ ದಾರಿ ಏನಿದೆ? ಕಡವಿನಲ್ಲಿ ದೋಣಿ ದಾಟಿಸುತ್ತಿದ್ದ ಅದ್ರಾಮ ಬ್ಯಾರಿಯನ್ನು ಮಾವ ಒಪ್ಪಿಸಿದ್ದರು. ಅದ್ರಾಮನಿಗೆ ಈ ವ್ಯವಹಾರ ಕೊನೆಯವರೆಗೂ ಅರ್ಥವಾಗಲಿಲ್ಲ.

“ಅಲ್ಲ ಭಟ್ರೆ, ನೀವು ಮೀನು ಹಿಡಿಯುದಿಲ್ಲ, ತಿನ್ನುದಿಲ್ಲ. ಮತ್ತೆ ನೋಡುದು ಎಂತಕ್ಕೆ?”

“ನೀನು ಚಂದ್ರನನ್ನು ನೋಡ್ತೀಯಲ್ಲ ಮಾರಾಯ, ತಿನ್ನಲಿಕ್ಕಾ?”

“ಚಂದ್ರ ಕಂಡರೆ ನಮಗೆ ಹಬ್ಬ ಉಂಟು. ನಿಮ್ಮ ಮೀನು ಕಂಡರೆ ಎಂತ ಉಂಟು?”

ನಾನು ದೋಣಿಯ ಅಂಚಿಗೆ ಹೊಟ್ಟೆ ಆನಿಸಿ, ಮುಖವಾಡ ಹಾಕಿಕೊಂಡು, ನೀರಿಗೆ ಮುಖ ಇಟ್ಟು ಉಸಿರು ಎಳೆದೆ. ಪಪ್ಪಾಯಿ ದಂಟಿನಲ್ಲಿ ಮೊದಲೇ ಒಂದು ಕೆಂಪಿರುವೆಯ ಸಂಸಾರ ವಾಸವಾಗಿತ್ತು! ನಾನು ಹಾರಿ ಎದ್ದಾಗ ಮಾವ ಕಣ್ಣರಳಿಸಿ ಕೇಳಿದರು: “ಎಂತ ಕಂಡಿತು? ಎಂತ ಕಂಡಿತು?” ನನ್ನ ನಾಲಿಗೆ ಆಗಲೇ ಬಾತುಕೊಂಡಿತ್ತು, ಹೇಳಲಾಗಲಿಲ್ಲ. ಸಂತೋಷದಿಂದ ಮಾತು ಹೊರಡುತ್ತಿಲ್ಲ ಎಂದು ಮಾವ ಊರಿಡೀ ಹೇಳಿಕೊಂಡು ಬಂದರು.

ಎರಡನೆಯ ಸಲ ದಂಟನ್ನು ಚೆನ್ನಾಗಿ ಊದಿ ನೋಡಿಕೊಂಡೇ ಮುಖ ಇಟ್ಟೆ. ಈಗ ನಗಬೇಡಿ, ಒಂದು ಮಾತು ಒಪ್ಪಿಕೊಳ್ಳಲೇಬೇಕು. ಬೇಸಗೆಯ ಕುಮಾರಧಾರೆ ತಿಳಿಯಾಗಿತ್ತು. ಬಂಡೆಯ ಸಂದಿನಲ್ಲಿ ಬಿಸಿಲು ಅಲುಗಾಡುತ್ತಿತ್ತು. ಮಾವ ಅಡುಗೆ ಮನೆಯಿಂದ ಕದ್ದು ತಂದ ಅನ್ನದ ಅಗುಳಿಗೆ ಸುಬ್ರಹ್ಮಣ್ಯದ ಕಡೆಯಿಂದ ಇಳಿದು ಬಂದ ದೊಡ್ಡ ದೊಡ್ಡ ದೇವರ ಮೀನುಗಳು ನನ್ನ ಮೂಗಿನ ಎದುರಿಗೇ ತಿರುಗಿದವು. ಎಷ್ಟು ಸಲ ಆ ಹೊಳೆಯನ್ನು ದಾಟಿದ್ದೆ, ಅದರೊಳಗೆ ಇಷ್ಟು ಇದೆ ಎಂದು ಗೊತ್ತೇ ಇರಲಿಲ್ಲ. ಮಾವನಿಗೆ ಹಾಗೆಂದು ಹೇಳಿಯೂಬಿಟ್ಟೆ. ದೊಡ್ಡ ತಪ್ಪು! ಮರುದಿನದಿಂದ ಶಾಲೆಯ ಅಷ್ಟೂ ಮೇಷ್ಟ್ರುಗಳನ್ನು ಕರೆದುಕೊಂಡು ಬಾ ಎಂದು ಕುಳಿತರು.

ಹೀಗೆ ಬಂದವರು ನಮ್ಮ ಹೆಡ್ಮಾಸ್ಟರು. ಒಂದು ಭಾನುವಾರ, ಉರಿಬಿಸಿಲು. ಮಾವ ಹೊಸ ಮೇಣವನ್ನು ಧಾರಾಳವಾಗಿ ಮೆತ್ತಿದ್ದರು. ಹೆಡ್ಮಾಸ್ಟರು ಮೂರೂ ‘ದ್ವೀಪ’ಗಳನ್ನು ಸುತ್ತಿ, ಮೀನು ನೋಡಿ, ಖುಷಿಯಾಗಿ ಎದ್ದು ಕುಳಿತು ಮುಖವಾಡ ತೆಗೆಯಲು ಹೋದರು. ಮುಖವಾಡ ಬರಲಿಲ್ಲ. ಮಾವ ಎಳೆದರು, ನಾನು ಎಳೆದೆ, ಅದ್ರಾಮ ದೋಣಿಗೆ ಕಾಲು ಕೊಟ್ಟು ಎಳೆದ. ಗಾಜಿನ ಒಳಗಿಂದ ಹೆಡ್ಮಾಸ್ಟರು ಏನೇನೋ ಹೇಳುತ್ತಿದ್ದರು. ಅದು ಕೇಳಿಸದೆ ಇದ್ದದ್ದೇ ಒಳ್ಳೆಯದಾಯಿತು. ಕೊನೆಗೆ ಅದೇ ಅವತಾರದಲ್ಲಿ ಅವರನ್ನು ಮನೆಗೆ ನಡೆಸಿಕೊಂಡು ಬಂದೆವು. ಅತ್ತೆ ಒಂದು ಕ್ಷಣ ನೋಡಿದರು. ಒಳಗಿನಿಂದ ತೆಂಗಿನೆಣ್ಣೆಯ ಕುಪ್ಪಿ ತಂದು, ಅಂಚಿನ ಸುತ್ತ ಹನಿಸಿ, ಎರಡು ನಿಮಿಷದಲ್ಲಿ ಬಿಡಿಸಿಕೊಟ್ಟರು.

“ಹಲಸಿನಕಾಯಿ ಕೊಯ್ಯುವ ಯಾವ ಹೆಂಗಸನ್ನು ಕೇಳಿದ್ದರೂ ಹೇಳ್ತಿದ್ದಳು, ಮೊದಲು ಎಣ್ಣೆ ಹಚ್ಚಬೇಕು ಅಂತ. ನಾಲ್ಕು ಜನ ಓದಿದ ಗಂಡಸರು ಸೇರಿ ಇಷ್ಟು ಗೊತ್ತಾಗಲಿಲ್ಲವಾ?”

“ನಾನು ಓದಿದವನಲ್ಲ ಅಮ್ಮ,” ಎಂದು ಅದ್ರಾಮ ತಕ್ಷಣ ಪಾರಾದ.

ಮುಖವಾಡ ಹೋಯಿತು, ಮೇಣದ ಗುರುತು ಹೋಗಲಿಲ್ಲ. ಮರುದಿನ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಧೂಳು ಹಿಡಿದು ಕಪ್ಪಾದ ಉಂಗುರವೊಂದು ಹಣೆಯಿಂದ ಗಲ್ಲದವರೆಗೆ ಸುತ್ತುವರಿದ ಮುಖದಲ್ಲಿ ಹೆಡ್ಮಾಸ್ಟರು ಅವರನ್ನು ಎದುರುಗೊಂಡರು. ಇನ್‌ಸ್ಪೆಕ್ಟರು ಹಾಜರಿ ಪುಸ್ತಕ ನೋಡಿದರು, ಹೆಡ್ಮಾಸ್ಟರ ಮುಖ ನೋಡಿದರು, ಮತ್ತೆ ಪುಸ್ತಕ ನೋಡಿದರು. ಹೊರಡುವಾಗ ತಡೆಯಲಾರದೆ ಭಕ್ತಿಯಿಂದಲೇ ಕೇಳಿದರು: “ತಪ್ಪು ತಿಳಿಯಬೇಡಿ, ಇದು ಯಾವ ಮಠದ ನಾಮ?”

ಇದೆಲ್ಲ ಸಾಲದೆಂಬಂತೆ ಮದುವೆಯ ದಿಬ್ಬಣವೊಂದು ಕಡವಿಗೆ ಬಂತು. ಹೊಳೆಯ ಆಚೆ ದಡದಲ್ಲಿ ಮದುಮಗ, ಅವನ ಕಡೆಯ ಹತ್ತು ಜನ, ಜೊತೆಗೆ ನಮ್ಮ ಅದೇ ಪುರೋಹಿತರು. “ಓ ಅದ್ರಾಮಾ…” ಎಂದು ಕೂಗುತ್ತಿದ್ದಾರೆ. ಅದ್ರಾಮನ ದೋಣಿಯಲ್ಲಿ ಮಾವ ಯಾರಿಗೋ ‘ಕಡಮತ್’ ತೋರಿಸುತ್ತಿದ್ದಾರೆ. ಕೊನೆಗೆ ಮಾವನನ್ನು ಇಳಿಸಲು ಪುರುಸೊತ್ತಿಲ್ಲದೆ ದೋಣಿ ಹಾಗೆಯೇ ಹೋಗಿ ದಿಬ್ಬಣವನ್ನು ಹತ್ತಿಸಿಕೊಂಡಿತು. ನೇರ ದಾಟಿಸಿದ್ದರೆ ಹತ್ತು ನಿಮಿಷ. ಮಾವ ಬಿಡಬೇಕಲ್ಲ! ಪ್ರವಾಸ ಅರ್ಧದಲ್ಲಿದೆ, ಇನ್ನೂ ‘ಕಿಲ್ತಾನ್’ ಬಾಕಿ ಇದೆ ಎಂದು ಹುಟ್ಟು ಹಿಡಿದುಕೊಂಡರು. ಮುಹೂರ್ತದ ಬಗ್ಗೆ ಪುರೋಹಿತರು ಬೊಬ್ಬೆ ಹಾಕುತ್ತಿದ್ದರೆ, ಮದುಮಗ ಬಾಸಿಂಗ ಬಿಚ್ಚಿ ಪಕ್ಕಕ್ಕಿಟ್ಟು ಮುಖವಾಡ ಕಟ್ಟಿಕೊಂಡು ಮೀನು ನೋಡುತ್ತಿದ್ದ. ದಡ ಮುಟ್ಟಿದಾಗ ಮಾವ ಪುರೋಹಿತರಿಗೆ ಕೈ ಕೊಟ್ಟು ಇಳಿಸುತ್ತಾ ಮೆತ್ತಗೆ ಕೇಳಿದರು: “ಕಿಲ್ತಾನ್ ದ್ವೀಪ ಸುತ್ತಿ ಬಂದಿರಲ್ಲ ಪುರೋಹಿತ್ರೆ. ಪ್ರಾಯಶ್ಚಿತ್ತ ಯಾವತ್ತು ಇಟ್ಟುಕೊಳ್ಳುವಾ?” ಆಮೇಲೆ ಆ ವಿಷಯ ನಮ್ಮ ಜಗಲಿಯಲ್ಲಿ ಯಾವತ್ತೂ ಬರಲಿಲ್ಲ.

ಊರಿನ ಅರ್ಧ ಜನ ನೀರಿಗೆ ಮುಖ ಇಟ್ಟು ಬಂದರು. ಬಾರದವರು ಅತ್ತೆ ಒಬ್ಬರೇ. ಪ್ರತಿಸಲ ದೋಣಿ ಹೊರಡುವಾಗ ಮಾವ ದಾರಿಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. “ಇನ್ನು ಯಾರು ಬರ್ಲಿಕ್ಕುಂಟು ಭಟ್ರೆ?” ಎಂದು ಅದ್ರಾಮ ಕೇಳಿದರೆ, “ಯಾರೂ ಇಲ್ಲ, ನೂಕು” ಎನ್ನುತ್ತಿದ್ದರು.

ಇಷ್ಟು ಹಠ ಯಾಕೆ ಎಂದು ಒಮ್ಮೆ ಪುತ್ತೂರಿನ ನಮ್ಮ ಮನೆಗೆ ಹೋದಾಗ ಅಮ್ಮನ ಬಳಿ ಗೊಣಗಿದೆ. ಮಾವ ಅಮ್ಮನ ಅಣ್ಣ. ಅಮ್ಮ ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಕುಳಿತರು. ಆಮೇಲೆ ಹೇಳಿದರು.

ಮಾವ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದ ದಿನಗಳಲ್ಲಿ, ಒಂದು ಓಡ ಮುಳುಗಿತು ಎಂಬ ಸುದ್ದಿ ಊರಿಗೆ ಬಂದಿತ್ತಂತೆ. ಯಾವ ಓಡ, ಯಾರದು, ಯಾರಿಗೂ ಗೊತ್ತಿಲ್ಲ. ಬರಬೇಕಾದ ದಿನ ಕಳೆದ ಮೇಲೆ ಹತ್ತು ದಿನ ಕಾದು ಹಿರಿಯರು ಕೂತು ಮಾತಾಡಿದರು. ಬಳೆ ತೆಗೆಸಬೇಕು, ಕ್ರಿಯೆ ಮಾಡಬೇಕು ಎಂದರು. ಅತ್ತೆಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಬಳೆ ತೆಗೆಸಲು ಬಂದ ಹೆಂಗಸರ ಎದುರೇ ಕೋಣೆಯ ಬಾಗಿಲು ಹಾಕಿಕೊಂಡು, “ಬರ್ತಾರೆ” ಎಂದು ಒಂದೇ ಮಾತು ಹೇಳಿದರಂತೆ. ಎಂಟು ದಿನ ಆ ಬಾಗಿಲು ನೆಟ್ಟಗೆ ತೆರೆಯಲಿಲ್ಲ. ಹದಿನೆಂಟನೆಯ ದಿನ ಮಾವ ಬಂದರು. ಬಿಸಿಲಿಗೆ ಸುಟ್ಟ ಮುಖ, ಬಾಯಿ ತುಂಬ ನಗೆ. ಓಡಿ ಬಂದು ಹೊಸ್ತಿಲಲ್ಲಿ ನಿಂತ ಹೆಂಡತಿಗೆ ಅವರು ಹೇಳಿದ ಮೊದಲ ಮಾತು: “ನೀರಿನ ಅಡಿಯಲ್ಲಿ ಎಂತ ಚಂದ ಗೊತ್ತುಂಟಾ!”

“ಅವಳು ಒಳಗೆ ಹೋಗಿ ಅನ್ನಕ್ಕೆ ಇಟ್ಟಳು. ಅಷ್ಟೇ,” ಎಂದರು ಅಮ್ಮ. “ಆ ಹದಿನೆಂಟು ದಿನ ಹೇಗಿದ್ದಿ ಅಂತ ಅಣ್ಣ ಇವತ್ತಿನವರೆಗೆ ಕೇಳಲಿಲ್ಲ. ಅವಳೂ ಹೇಳಲಿಲ್ಲ.”

ಆಮೇಲೆ ನನಗೆ ದ್ವೀಪದ ಕಥೆ ಕೇಳುವಾಗ ಮೊದಲಿನಂತೆ ನಗು ಬರಲಿಲ್ಲ.

ಅರವತ್ತರ ದಶಕದ ಒಂದು ಬೇಸಗೆಯಲ್ಲಿ ಮಾವನ ಬಲಗಿವಿ ಸೋರತೊಡಗಿತು. ವರ್ಷಗಟ್ಟಲೆ ಹೊಳೆಯಲ್ಲಿ ತಲೆ ಅದ್ದಿದರೆ ಇನ್ನೇನಾಗುತ್ತದೆ? ಪುತ್ತೂರಿನ ಡಾಕ್ಟರು ದೀಪ ಹಿಡಿದು ನೋಡಿ, ಇನ್ನು ಕಿವಿಗೆ ನೀರು ಸೋಕಿಸಿದರೆ ಕಿವಿಯೇ ಹೋಗುತ್ತದೆ ಎಂದು ಬೈದು ಕಳಿಸಿದರು. ಮಾವ ಮನೆಗೆ ಬಂದರು. ಮಾತಾಡದೆ ಮುಖವಾಡದ ಮೇಣ ಕಿತ್ತರು, ಗಾಜು ಒರೆಸಿದರು, ಗಡಿಯಾರಕ್ಕೆ ಮತ್ತೆ ಕೂರಿಸಿದರು. ಟ್ಯೂಬಿನ ಪಟ್ಟಿಯನ್ನು ಮೊಳೆಗೆ ನೇತುಹಾಕಿದರು. ತಾನು ನೋಡಲಾಗದ ಮೇಲೆ ಬೇರೆಯವರಿಗೂ ತೋರಿಸಲಿಲ್ಲ. ದ್ವೀಪದ ಕಥೆಯೂ ನಿಂತಿತು. ಇಡೀ ಒಂದು ತಿಂಗಳು ಆ ಮನೆಯಲ್ಲಿ ಅಮೀನಿ ಎಂಬ ಶಬ್ದ ಕೇಳಿಸಲಿಲ್ಲ. ಗಡಿಯಾರ ಮಾತ್ರ ಸರಿಯಾದ ಗಂಟೆ ತೋರಿಸುತ್ತಾ ಕುಳಿತಿತ್ತು.

ಒಂದು ಬೆಳಗ್ಗೆ ಎದ್ದು ನೋಡುತ್ತೇನೆ, ಗಡಿಯಾರ ಮತ್ತೆ ಬೋಳು! ಹಿತ್ತಿಲಲ್ಲಿ ಅತ್ತೆ ಕೈಗೆ ಎಣ್ಣೆ ಸವರಿಕೊಂಡು ಗಾಜಿನ ಅಂಚಿಗೆ ಮೇಣ ಮೆತ್ತುತ್ತಿದ್ದರು. ನಾನು ಬಾಯಿ ಬಿಟ್ಟು ನಿಂತದ್ದನ್ನು ಕಂಡು ತಾವಾಗಿಯೇ ಹೇಳಿದರು:

“ಇವರು ಸುಮ್ಮನೆ ಕೂತರೆ ನನಗೆ ಆ ಹದಿನೆಂಟು ದಿನದ ಹಾಗೆ ಆಗ್ತದೆ. ಮನೆಯಲ್ಲಿ ಇವರ ಸ್ವರ ಇಲ್ಲದ್ದು ಆಗ ಮಾತ್ರ. ಇನ್ನೊಂದು ಸಲ ನನ್ನಿಂದ ಆಗುದಿಲ್ಲ.”

ಮಾವನನ್ನು ಎಬ್ಬಿಸಿ, “ಹೊರಡಿ, ಹೊಳೆಗೆ” ಎಂದರು. ಮಾವ ಶರ್ಟು ತಿರುಗಮುರುಗ ಹಾಕಿಕೊಂಡು ಹಿಂದೆ ನಡೆದರು. ಅದ್ರಾಮ ಎದ್ದು ನಿಂತು, ದೋಣಿಯ ಹಲಗೆಯನ್ನು ತನ್ನ ತಲೆಯ ಮುಂಡಾಸಿನಿಂದ ಒರೆಸಿಕೊಟ್ಟ. ಅತ್ತೆ ಸೆರಗು ಬಿಗಿದು, ಮುಖಕ್ಕೆ ಎಣ್ಣೆ ಹಚ್ಚಿಕೊಂಡು, ಮುಖವಾಡ ಹಾಕಿಕೊಂಡರು. ಒಂದು ಕೈಯಿಂದ ದೋಣಿಯ ಅಂಚು, ಇನ್ನೊಂದರಿಂದ ಮಾವನ ರಟ್ಟೆ ಹಿಡಿದು, ನೀರಿಗೆ ಮುಖ ಇಟ್ಟರು.

ಬಹಳ ಹೊತ್ತು ಎತ್ತಲಿಲ್ಲ. ಮಾವ ಅನ್ನದ ಅಗುಳು ಹಾಕುವುದನ್ನೂ ಮರೆತು, ತಮ್ಮ ರಟ್ಟೆ ಹಿಡಿದ ಅತ್ತೆಯ ಕೈಯ ಹಸಿರು ಗಾಜಿನ ಬಳೆಗಳನ್ನೇ ನೋಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವರು ನೀರು ಬಿಟ್ಟು ಬೇರೇನನ್ನಾದರೂ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಾಣೆ. ಆಮೇಲೆ ತಗ್ಗಿದ ಸ್ವರದಲ್ಲಿ ಕೇಳಿದರು, ಅತ್ತೆಗೆ ಕೇಳಿಸಿತೋ ಇಲ್ಲವೋ: “ಆ ಹದಿನೆಂಟು ದಿನ ನೀನು ಹೇಗಿದ್ದಿ?”

ಅತ್ತೆ ಮುಖ ಎತ್ತಿದರು. ಎಣ್ಣೆಯ ಮುಖದಿಂದ ಮುಖವಾಡ ಸಲೀಸಾಗಿ ಬಂತು. “ನೀವು ಹೇಳಿದಷ್ಟು ಬಣ್ಣ ಇಲ್ಲ,” ಎಂದರು. “ಆದರೂ ಚಂದ ಉಂಟು.” ಕಣ್ಣು ಕೆಂಪಾಗಿತ್ತು. ಮುಖವಾಡ ಬಗ್ಗಿಸಿದಾಗ ಗಾಜಿನ ಒಳಗಿನಿಂದ ನೀರು ಇಳಿದು ದೋಣಿಯ ಹಲಗೆಯ ಮೇಲೆ ಬಿತ್ತು.

“ಲೀಕ್ ಉಂಟಲ್ಲ ಭಟ್ರೆ! ಮೇಣ ಹಿಡಿಯಲಿಲ್ಲ!” ಎಂದ ಅದ್ರಾಮ.

ಆ ಮುಖವಾಡಕ್ಕೆ ಲೀಕ್ ಎಂದವರ ಜೊತೆ ಮಾವ ಜಗಳಕ್ಕೇ ನಿಲ್ಲುತ್ತಿದ್ದರು. ಅದರೊಳಗೆ ಹೊಳೆಯ ನೀರು ಒಂದು ಹನಿಯೂ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮಾವ ಹೆಗಲ ಬೈರಾಸು ತೆಗೆದು ಅತ್ತೆಯ ಕಣ್ಣು, ಕೆನ್ನೆ ಮೆಲ್ಲಗೆ ಒರೆಸಿದರು.

“ಹೌದು ಮಾರಾಯ,” ಎಂದರು. “ಲೀಕ್ ಉಂಟು. ತಪ್ಪು ನನ್ನದೇ.”